ಮುದಿ ನಕ್ಷತ್ರಕ್ಕೆ ಮತ್ತೆ ವೇಗ ಬಂದ ಕಥೆ

ರಾವಣನ ಕತ್ತಿಗೆ ರೆಕ್ಕೆ ಕಳೆದುಕೊಂಡು ಜಟಾಯು ಬಿದ್ದದ್ದು ಇಲ್ಲೇ ಎಂದು ಮೊಳಕಾಲ್ಮುರು ಸೀಮೆಯವರು ಜಟಿಂಗ ರಾಮೇಶ್ವರ ಬೆಟ್ಟವನ್ನು ತೋರಿಸುತ್ತಾರೆ. ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರಲ್ಲಿ ನನ್ನದೊಂದು ಕೋರಿಕೆ: ಮಾರ್ಚ್ ಮೊದಲ ವಾರದಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ, ಬೆಟ್ಟದ ಬುಡದಲ್ಲಿ ನಿಂತು ದಕ್ಷಿಣಕ್ಕೆ ನೋಡಿ. ಅಗಸ್ತ್ಯ ನಕ್ಷತ್ರದಿಂದ ಎಡಕ್ಕೆ ಸರಿದರೆ ನೌಕಾಪಟ ಎಂಬ ತಾರಾಪುಂಜ. ಅದರಲ್ಲಿ ಬರಿಗಣ್ಣಿಗೆ ಕಾಣದ ನಕ್ಷತ್ರವೊಂದು ಸೆಕೆಂಡಿಗೆ 11 ಸುತ್ತು ತಿರುಗುತ್ತಿದೆ. ಅಲ್ಲಿಂದ ಇವತ್ತು ನಮ್ಮನ್ನು ತಲುಪುವ ರೇಡಿಯೊ ಅಲೆ ಹೊರಟದ್ದು ಸುಮಾರು 1,000 ವರ್ಷಗಳ ಹಿಂದೆ. ಬಂಡೆಯ ಮೇಲಿನ ಅಕ್ಷರಗಳಿಗೆ ಆಗಲೇ 1,200 ವರ್ಷ ದಾಟಿತ್ತು.

ಅಂಥ ನಕ್ಷತ್ರ ಹುಟ್ಟುವುದು ಹೀಗೆ: ಸೂರ್ಯನಿಗಿಂತ ಎಂಟು ಪಟ್ಟಿಗೂ ಹೆಚ್ಚು ಭಾರದ ನಕ್ಷತ್ರವೊಂದು ಉರಿಯಲು ಇಂಧನವಿಲ್ಲದೆ ಬರಿದಾದಾಗ ಅದರ ನಡುಭಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಹೊರಗಿನದೆಲ್ಲ ಸಿಡಿದು ಹೋಗುತ್ತದೆ. ಒಳಗೆ ಎಲೆಕ್ಟ್ರಾನು, ಪ್ರೋಟಾನುಗಳು ಒಂದರೊಳಗೊಂದು ಅಮುಕಿಹೋಗಿ ನ್ಯೂಟ್ರಾನುಗಳಾಗುತ್ತವೆ. ಹೀಗೆ ಉಳಿದ ನ್ಯೂಟ್ರಾನ್ ನಕ್ಷತ್ರ ಎಷ್ಟು ಚಿಕ್ಕದೆಂದರೆ, ಚಳ್ಳಕೆರೆಯಲ್ಲಿ ಅದರ ಒಂದು ಅಂಚನ್ನಿಟ್ಟರೆ ಇನ್ನೊಂದು ಅಂಚು ಮೊಳಕಾಲ್ಮುರಿನ ಅರ್ಧ ದಾರಿಯಲ್ಲೇ ಸಿಗುತ್ತದೆ. ತೂಕ ಮಾತ್ರ ನಮ್ಮ ಸೂರ್ಯನದಕ್ಕಿಂತ ಹೆಚ್ಚು! ಒಂದು ಚಮಚ ತೆಗೆದರೆ ನೂರು ಕೋಟಿ ಟನ್ ಮೀರುತ್ತದೆ.

ಇಂಥ ನಕ್ಷತ್ರ ತಿರುಗುತ್ತ ರೇಡಿಯೊ ಮಿಡಿತ ಕಳಿಸಿದರೆ ಅದೇ ಪಲ್ಸಾರ್. ಜೋಸೆಲಿನ್ ಬೆಲ್ ಮೊದಲನೆಯದನ್ನು ಗುರುತಿಸಿದ್ದು 1967ರಲ್ಲಿ. ಆಗ ಆಸ್ಟ್ರೇಲಿಯಾದಲ್ಲಿದ್ದ ವಿ. ರಾಧಾಕೃಷ್ಣನ್, ಸಿ. ವಿ. ರಾಮನ್ ಅವರ ಮಗ, ಮೊದಲು ಹೇಳಿದ ನೌಕಾಪಟದ ನಕ್ಷತ್ರದ, ಅಂದರೆ ಅಲ್ಲಿನ ಪಲ್ಸಾರಿನ, ಅಲೆಗಳು ಯಾವ ದಿಕ್ಕಿನಲ್ಲಿ ಅದುರುತ್ತವೆ ಎಂದು ಪಾರ್ಕ್ಸ್ ದೂರದರ್ಶಕದಿಂದ ಅಳೆದರು. ಪ್ರತಿ ಮಿಡಿತದಲ್ಲೂ ಆ ದಿಕ್ಕು ನಯವಾಗಿ ಹೊರಳುತ್ತಿತ್ತು. ನಕ್ಷತ್ರದ ಕಾಂತಧ್ರುವ ನಮ್ಮೆದುರು ಹಾದುಹೋಗುವುದರಿಂದ ಹೀಗಾಗುತ್ತದೆ ಎಂದು ಅವರು, ಸಹೋದ್ಯೋಗಿ ಕುಕ್ ಜೊತೆ, 1969ರಲ್ಲಿ ಬರೆದರು. ಈ ವಿವರಣೆ ಇವತ್ತಿಗೂ ಬಳಕೆಯಲ್ಲಿದೆ. 1972ರಲ್ಲಿ ಅವರು ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಹತ್ತು ವರ್ಷದ ನಂತರ ಖಗೋಳಶಾಸ್ತ್ರಜ್ಞರ ತಲೆ ತಿನ್ನುವ ಸುದ್ದಿ ಬಂತು. ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರ್ ಸಿಕ್ಕಿತ್ತು. ಪಲ್ಸಾರುಗಳು ವಯಸ್ಸಾದಂತೆ ನಿಧಾನವಾಗುತ್ತವೆ. ಹಾಗಾದರೆ ಇದು ಹಸುಗೂಸಾಗಿರಬೇಕು. ಆದರೆ ಸುತ್ತಮುತ್ತ ಸ್ಫೋಟದ ಅವಶೇಷವೇ ಇಲ್ಲ. ರಾಧಾಕೃಷ್ಣನ್ ಮತ್ತು ಅವರ ಸಹೋದ್ಯೋಗಿ ಜಿ. ಶ್ರೀನಿವಾಸನ್ ಅದೇ ವರ್ಷ, 1982ರಲ್ಲಿ, ಬೆಂಗಳೂರಿನದೇ ಆದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ಇದು ಮುದಿ ನಕ್ಷತ್ರ. ನಿಧಾನವಾದ ತಿಗರಿಗೆ ಕುಂಬಾರ ಕೋಲು ಕೊಟ್ಟು ಮತ್ತೆ ತಿರುಗಿಸುತ್ತಾನಲ್ಲ, ಹಾಗೆ ಜೊತೆಗಿದ್ದ ನಕ್ಷತ್ರದಿಂದ ಸುತ್ತುತ್ತ ಬಂದು ಬಿದ್ದ ಅನಿಲ ಇದಕ್ಕೆ ವೇಗ ತುಂಬಿದೆ. ಖಗೋಳಶಾಸ್ತ್ರಜ್ಞ ಆಲ್ಪರ್ ಮತ್ತು ಸಂಗಡಿಗರೂ ಆ ವರ್ಷವೇ ಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ನಮ್ಮ ಶಾಲೆಯ ಪಾಠಗಳಲ್ಲಿ ಬೆಂಗಳೂರಿನ ಈ ಹೆಸರುಗಳು ಸಿಗುವುದು ಅಪರೂಪ. ಸಿಗಬೇಕು.

ಪುರಾವೆಗೆ ಹದಿನಾರು ವರ್ಷ ಕಾಯಬೇಕಾಯಿತು. 1998ರಲ್ಲಿ, ಸಂಗಾತಿಯ ಅನಿಲವನ್ನು ಎಳೆದುಕೊಳ್ಳುತ್ತಲೇ ಸೆಕೆಂಡಿಗೆ 401 ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರವೊಂದು ಕ್ಷ-ಕಿರಣಗಳಲ್ಲಿ ಸಿಕ್ಕಿತು. ವೇಗ ಕೂಡುವ ದಾರಿಯ ನಡುವೆಯೇ ಸಿಕ್ಕಿಬಿದ್ದ ನಕ್ಷತ್ರ ಅದು.

ಅಲೆ ಅದುರುವ ದಿಕ್ಕನ್ನು ಅಳೆಯುವ ಕೆಲಸವನ್ನು ರಾಮನ್ ಸಂಸ್ಥೆ ಬಿಟ್ಟಿಲ್ಲ. ಈಗ ರೇಡಿಯೊ ಬದಲು ಕ್ಷ-ಕಿರಣಗಳಲ್ಲಿ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿರುವ ಪೋಲಿಕ್ಸ್ ಉಪಕರಣ ಆ ಸಂಸ್ಥೆಯಲ್ಲೇ ತಯಾರಾದದ್ದು. ಅದೇ ತಿಂಗಳು ಅದು ಮೊದಲು ನೋಡಿದ್ದೂ ಒಂದು ಪಲ್ಸಾರನ್ನೇ: ವೃಷಭ ರಾಶಿಯ ಏಡಿ ನೀಹಾರಿಕೆಯೊಳಗೆ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುವ, ಇನ್ನೂ ಎಳೆಯ ನಕ್ಷತ್ರ.