ಬಡವ, ತಿರುಕ ಮತ್ತು ಗ್ರೀಕರ ಎರಡು ಪದಗಳು

ಪ್ರಶ್ನೆ: ಪ್ರಾಚೀನ ಗ್ರೀಕರಲ್ಲಿ ಬಡವನಿಗೆ ಎರಡು ಹೆಸರುಗಳಿದ್ದವೆಂಬುದು ನಿಜವೇ? ನಮ್ಮ ನುಡಿಯಲ್ಲಿ ಅಂಥ ಭೇದವಿದೆಯೇ? (ಓದುಗರು, ತುಮ್ಮನಟ್ಟಿ, ನೀಲಗಿರಿ)

ಉತ್ತರ: ನಿಜ. ದುಡಿದೇ ಉಣ್ಣಬೇಕಾದವನನ್ನು ಗ್ರೀಕರು ‘ಪೆನೆಸ್’ ಎಂದೂ, ಏನೂ ಇಲ್ಲದೆ ಬೇಡುವವನನ್ನು ‘ಪ್ತೋಖೋಸ್’, ಅಂದರೆ ಮುದುಡಿ ಕುಗ್ಗಿದವನು, ಎಂದೂ ಕರೆದರು. ಕ್ರಿ.ಪೂ. 388ರಲ್ಲಿ ಅರಿಸ್ಟೋಫನೀಸ್ ಆಡಿಸಿದ ‘ಪ್ಲೂಟೋಸ್’ (ಸಂಪತ್ತಿನ ದೇವತೆ) ನಾಟಕದಲ್ಲಿ ಬಡತನವೇ ಹೆಂಗಸಾಗಿ ರಂಗಕ್ಕೆ ಬಂದು, ತಿರುಕನ ಬಾಳು ಬೇರೆ, ಮಿತವಾಗಿ ಬದುಕಿ ದುಡಿಯುವ ಬಡವನ ಬಾಳು ಬೇರೆ ಎಂದು ವಾದಿಸುತ್ತದೆ. ಈ ಭೇದವನ್ನು ಇಷ್ಟು ದಿಟ್ಟವಾಗಿ ಹೇಳಿದ ಪ್ರಾಚೀನ ಕೃತಿಗಳು ವಿರಳ.

ಕನ್ನಡದಲ್ಲಿಯೂ ಈ ಭೇದವಿದೆ: ‘ತಿರುಕ’ ಎಂಬುದು ಅಲೆದು ಬೇಡುವುದೆಂಬ ಅರ್ಥದ ‘ತಿರಿ’ ಧಾತುವಿನಿಂದ ಬಂದರೆ, ‘ಬಡವ’ನಲ್ಲಿರುವ ‘ಬಡ’ ಎಂಬುದು, ‘ಬಡಕಲು’ ಎಂಬಲ್ಲಿರುವಂತೆ, ಮೈಯ ಸೊರಗನ್ನು ಸೂಚಿಸುತ್ತದೆ. ತುಮ್ಮನಟ್ಟಿಯ ಬಡಗರ ಹೆಸರಿಗೂ ಈ ‘ಬಡ’ಕ್ಕೂ ಸಂಬಂಧವಿಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು, ಅದು ಬಡಗು, ಅಂದರೆ ಉತ್ತರ ದಿಕ್ಕಿನಿಂದ, ಮೈಸೂರು ಸೀಮೆಯ ಕಡೆಯಿಂದ ಬೆಟ್ಟವೇರಿ ಬಂದವರೆಂಬುದನ್ನು ಹೇಳುವ ಹೆಸರು.

ಸಿರಿಯ ವಿಷಯದಲ್ಲಿ ಎರಡು ನುಡಿಗಳ ಸಾಮ್ಯ ಇನ್ನೂ ಹತ್ತಿರದ್ದು: ಎರಡರಲ್ಲೂ ಸಿರಿಯ ಅಳತೆ ದನಕರುಗಳೇ. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಗ್ಲಾಕಸನು ನೂರು ಎತ್ತುಗಳ ಬೆಲೆಯ ಚಿನ್ನದ ಕವಚವನ್ನು ಕೊಟ್ಟು ಒಂಬತ್ತು ಎತ್ತುಗಳ ಬೆಲೆಯ ಕಂಚಿನ ಕವಚವನ್ನು ಪಡೆಯುತ್ತಾನೆ. ಕನ್ನಡವಂತೂ ಸಂಸ್ಕೃತದ ‘ಧನ’ವನ್ನು ‘ದನ’ವಾಗಿಸಿ, ಕೊಟ್ಟಿಗೆಯಲ್ಲಿ ಕಟ್ಟಿದ ಹಸು, ಎತ್ತುಗಳಿಗೇ ಆ ಹೆಸರನ್ನಿಟ್ಟಿತು.