ಕಥಾಪುನಃಕಥನವೂ ಇಂಗ್ಲಿಷ್ ಭಾಷಾಭ್ಯಾಸವೂ

ಅನ್ಯಭಾಷೆಯನ್ನು ಕಲಿಯತಕ್ಕವರಿಗೆ ವ್ಯಾಕರಣ, ಕೋಶ, ವಾಚನ ಈ ಮೂರು ಸಾಧನಗಳು ಪ್ರಸಿದ್ಧವಾಗಿವೆ. ಆದರೆ ಇಂಗ್ಲಿಷ್ ವ್ಯಾಕರಣದ ನಿಯಮಗಳನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯು, ನಿನ್ನೆ ಕಂಡುದನ್ನು ಆ ಭಾಷೆಯ ನಾಲ್ಕು ವಾಕ್ಯಗಳಲ್ಲಿ ಹೇಳೆಂದರೆ ಮೌನವನ್ನಾಶ್ರಯಿಸುವುದುಂಟು. ಮನೆಯಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಮಕ್ಕಳ ಈ ಮೌನವನ್ನು ಬುದ್ಧಿಮಾಂದ್ಯವೆಂದೆಣಿಸುವುದು ಅನ್ಯಾಯ. ಅವರಿಗೆ ಕೊರತೆಯಾಗಿರುವುದು ಜ್ಞಾನವಲ್ಲ, ಪ್ರಯೋಗ. ಸಣ್ಣ ಕಥೆಯೊಂದನ್ನು ಓದಿ, ಪುಸ್ತಕವನ್ನು ಮುಚ್ಚಿ, ಅದನ್ನೇ ತನ್ನ ಮಾತಿನಲ್ಲಿ ಪುನಃ ಹೇಳುವ ಕ್ರಮವು ಈ ಕೊರತೆಯನ್ನು ಹೇಗೆ ನೀಗಿಸುವುದೆಂಬುದನ್ನು ಇಲ್ಲಿ ವಿವೇಚಿಸುವೆವು.

ಕಥೆಯ ಮೂಲಕ ಭಾಷೆಯನ್ನು ಕಲಿಸುವುದು ನೂತನವಲ್ಲ. ಆಂಗ್ಲೇಯರು ಸಂಸ್ಕೃತವನ್ನು ಕಲಿತುದೂ ಹೀಗೆಯೇ. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ವಿಲಿಯಂ ಕೇರಿಯು 1804ರಲ್ಲಿ ಶ್ರೀರಾಮಪುರದಲ್ಲಿ ಹಿತೋಪದೇಶವನ್ನು ಅಚ್ಚುಹಾಕಿಸಿದನು. ಮ್ಯಾಕ್ಸ್ ಮುಲ್ಲರನು 1864ರಲ್ಲಿ ಅದನ್ನೇ ಪದವಿಭಾಗದೊಡನೆ ಆಂಗ್ಲ ವಿದ್ಯಾರ್ಥಿಗಳಿಗೆ ಪ್ರಥಮ ಪಾಠವನ್ನಾಗಿ ಕೊಟ್ಟನು.

ಓದಿದುದನ್ನು ಪುನಃ ರಚಿಸುವ ಕ್ರಮಕ್ಕೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು (1706–1790) ಉತ್ತಮ ನಿದರ್ಶನ. ಎರಡೇ ವರ್ಷ ಶಾಲೆಗೆ ಹೋಗಿ, ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಈತನಿಗೆ 'ಸ್ಪೆಕ್ಟೇಟರ್' ಪತ್ರಿಕೆಯ ಒಂದು ಸಂಪುಟವು ದೊರೆಯಿತು. ಪ್ರತಿವಾಕ್ಯದ ಭಾವವನ್ನು ಸಂಕ್ಷೇಪವಾಗಿ ಗುರುತುಹಾಕಿಕೊಂಡು, ಕೆಲವು ದಿನ ಬಿಟ್ಟು, ಮೂಲವನ್ನು ನೋಡದೆ ಲೇಖನವನ್ನು ತಾನೇ ಬರೆದು, ಆಮೇಲೆ ಮೂಲದೊಡನೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದನು. ಅಲ್ಲಿದ್ದ ಕೆಲವು ಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮೂಲವು ಮರೆತ ಬಳಿಕ ಮತ್ತೆ ಗದ್ಯವನ್ನಾಗಿ ಮಾಡುತ್ತಿದ್ದನು. ಇಂಗ್ಲಿಷ್ ಆತನಿಗೆ ತಾಯ್ನುಡಿ. ಆದರೂ ಈ ಶ್ರಮವು ಬೇಕಾಯಿತು.

ಕನ್ನಡಿಗರಿಗಂತೂ ಇದರಿಂದ ವಿಶೇಷ ಪ್ರಯೋಜನವಿದೆ. ಈಸೋಪನ ನರಿ ಮತ್ತು ದ್ರಾಕ್ಷಿಯ ಕಥೆಯನ್ನೇ ತೆಗೆದುಕೊಳ್ಳೋಣ.

ಮೊದಲನೆಯದಾಗಿ, ನಾವು 'ನರಿಯು ತೋಟಕ್ಕೆ ಹೋಗಿ, ಗೊಂಚಲನ್ನು ಕಂಡು, ಹಲವು ಸಲ ನೆಗೆದು, ಸೋತು, ಹಿಂದಿರುಗಿತು' ಎನ್ನುವೆವು. ಸಂಸ್ಕೃತದ ಗತ್ವಾ, ದೃಷ್ಟ್ವಾ ಎಂಬವುಗಳಂತೆ ಇಲ್ಲಿ ಕೃದಂತಗಳು ಸಾಲಾಗಿ ನಿಂತು, ಕೊನೆಯಲ್ಲಿ ಒಂದೇ ಕ್ರಿಯಾಪದವು ಕಾಲವನ್ನು ಹೊರುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ವೆಂಟ್', 'ಸಾ', 'ಜಂಪ್ಡ್' ಎಂದು ಒಂದೊಂದು ಕ್ರಿಯೆಯೂ ಭೂತಕಾಲವನ್ನು ತಾನೇ ಹೊರಬೇಕು.

ಎರಡನೆಯದಾಗಿ, ನರಿಯು ಮೊದಲು ಬಂದಾಗ 'ಎ ಫಾಕ್ಸ್', ಪರಿಚಿತವಾದ ಮೇಲೆ 'ದಿ ಫಾಕ್ಸ್'. ನಮ್ಮಲ್ಲಿ 'ಒಂದು ನರಿ' ಎಂದು ತೊಡಗಿ ಮುಂದೆ ಬರಿಯ 'ನರಿ' ಎಂದರೂ ಸಾಗುವುದು. ಸಂಸ್ಕೃತದಲ್ಲಿಯೂ ಇಂತಹ ಉಪಪದದ ನಿರ್ಬಂಧವಿಲ್ಲ. ಬಿಡಿವಾಕ್ಯಗಳಲ್ಲಿ ಈ ಭೇದವು ಹೊಳೆಯದು. ಪಾತ್ರವು ಬಂದು ಮತ್ತೆ ಮತ್ತೆ ಕಾಣಿಸಿಕೊಳ್ಳುವ ಕಥೆಯಲ್ಲಿ ತಾನಾಗಿ ಹೊಳೆಯುವುದು.

ಮೂರನೆಯದಾಗಿ, 'ನನಗೆ ಈ ಹುಳಿಹಣ್ಣು ಬೇಡ' ಎಂದು ನರಿಯು ಹೇಳಿತು ಎನ್ನುವಾಗ, ಸಂಸ್ಕೃತದ 'ಇತಿ'ಯಂತೆ ನಮ್ಮ 'ಎಂದು' ಶಬ್ದವು ಆಡಿದ ಮಾತನ್ನು ಆಡಿದಂತೆಯೇ ಹಿಡಿದಿಡುತ್ತದೆ. ಇಂಗ್ಲಿಷಿನ ಪರೋಕ್ಷಕಥನದಲ್ಲಿಯಾದರೋ 'ಐ' ಎಂಬುದು 'ಹೀ' ಆಗಬೇಕು, 'ಡು' ಎಂಬುದು 'ಡಿಡ್' ಆಗಬೇಕು, 'ದೀಸ್' ಎಂಬುದು 'ದೋಸ್' ಆಗಬೇಕು. ಸಂವಾದವುಳ್ಳ ಕಥೆಯನ್ನು ಪುನಃ ಹೇಳುವವನಿಗೆ ಈ ಮೂರು ಪರಿವರ್ತನೆಗಳೂ ಒಂದೇ ಉಸಿರಿನಲ್ಲಿ ಅಭ್ಯಾಸವಾಗುವುವು.

ಕಥೆಯನ್ನು ಕಂಠಪಾಠ ಮಾಡಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಅಮರಕೋಶವನ್ನು ಬಾಯಿಗೆ ಬರಿಸಿಕೊಂಡು ಬೆಳೆದ ನಾವು ಕಂಠಪಾಠವನ್ನು ನಿಂದಿಸಲಾರೆವು. ಆದರೆ ಅದು ಕಣಜವನ್ನು ತುಂಬುವ ಕೆಲಸ. ಪುನಃಕಥನವು ಅಳೆದು ಕೊಡುವ ಕೆಲಸ. ಕಂಠಸ್ಥವಾದ ವಾಕ್ಯದಲ್ಲಿ ವಿದ್ಯಾರ್ಥಿಯು ಯಾವ ಪದವನ್ನೂ ತಾನಾಗಿ ಆರಿಸುವುದಿಲ್ಲ. ಆರಿಸದವನಿಗೆ ತನ್ನ ತಪ್ಪು ಕಾಣದು.

ಆದುದರಿಂದ ಹತ್ತು ಹದಿನೈದು ವಾಕ್ಯಗಳ ಕಥೆಯನ್ನು ಆರಿಸಿ, ಅರ್ಥವು ಸ್ಪಷ್ಟವಾಗುವವರೆಗೆ ಓದಿಸಿ, ನಾಲ್ಕೈದು ಸೂಚಕಪದಗಳನ್ನು ಮಾತ್ರ ಉಳಿಸಿಕೊಂಡು ಹೇಳಿಸತಕ್ಕದ್ದು. ನಡುವೆ ತಡೆದು ತಿದ್ದಿದರೆ ಮಾತು ಕುಗ್ಗುವುದು. ಹೇಳಿ ಮುಗಿಸಿದ ಮೇಲೆ ಮೂಲವನ್ನು ತೆರೆದು ತಾನೇ ಹೋಲಿಸಿಕೊಳ್ಳುವಂತೆ ಬಿಡಬೇಕು. ಕೆಲವು ದಿನಗಳ ಅನಂತರ ಅದೇ ಕಥೆಯನ್ನು ನರಿಯ ಬಾಯಿಂದಲೇ ಹೇಳಿಸಿದರೆ ಸರ್ವನಾಮಗಳೆಲ್ಲವೂ ಮತ್ತೊಮ್ಮೆ ಪರೀಕ್ಷೆಗೆ ಒಳಗಾಗುವುವು. ವ್ಯಾಕರಣವನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ; ನಿಯಮವು ನಾಲಗೆಯವರೆಗೆ ಇಳಿಯುವುದಕ್ಕೆ ಕಥೆಯು ಸುಗಮವಾದ ಸೋಪಾನವೆಂಬುದಷ್ಟೇ ಇಲ್ಲಿ ಪ್ರತಿಪಾದ್ಯವು.