ಲೆಕ್ಕಪುಸ್ತಕಕ್ಕೆ ಸಿಗದ ನಷ್ಟ: ಕಛೇರಿಯ ದೂರವಾಣಿ ನಿರ್ವಹಣೆ

ವಸೂಲಾಗದ ಬಾಕಿಗೆ ನಮ್ಮಲ್ಲಿ ಲೆಕ್ಕವಿದೆ. ಯಂತ್ರದ ಸವಕಳಿಗೂ ಲೆಕ್ಕವಿದೆ. ಆದರೆ ಕಛೇರಿಗೆ ಕರೆ ಮಾಡಿ, ‘ಎಂಗೇಜ್’ ಸದ್ದು ಕೇಳಿ, ಬೇರೆ ವ್ಯಾಪಾರಿಯ ಬಳಿಗೆ ಹೋದ ಗ್ರಾಹಕನಿಗೆ ಯಾವ ಖಾತೆಯಲ್ಲಿಯೂ ಸ್ಥಾನವಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಕಛೇರಿಯಲ್ಲಿಯೇ ನಡೆದ ಪ್ರಸಂಗವಿದು. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಜುಲೈ ತಿಂಗಳ ಕೊನೆಯ ವಾರ. ಸಣ್ಣ ಕೈಗಾರಿಕೋದ್ಯಮಿಯೊಬ್ಬರು ಮರುದಿನದ ವಿಚಾರಣೆಯ ನೋಟೀಸನ್ನು ಹಿಡಿದು ದಿನವಿಡೀ ಕರೆ ಮಾಡಿದರು. ನಮ್ಮಲ್ಲಿ ಎರಡು ಲೈನ್‌ಗಳಿದ್ದವು. ಸಂಖ್ಯೆಗಳು ಬೇರೆ ಬೇರೆ. ಅವರ ಬಳಿ ಇದ್ದುದು ಮೊದಲ ಸಂಖ್ಯೆ ಮಾತ್ರ. ಎರಡನೆಯದು ಬಹುಪಾಲು ಮೌನವಾಗಿಯೇ ಇತ್ತು! ವಿಚಾರಣೆ ತಪ್ಪಿತು, ಅವರ ವಿರುದ್ಧ ಆದೇಶವಾಯಿತು. ಮೇಲ್ಮನವಿಯನ್ನು ಶುಲ್ಕವಿಲ್ಲದೆ ನಡೆಸಿಕೊಟ್ಟೆನಾದರೂ ಅವರ ಮುಂದೆ ತಲೆಯೆತ್ತಲು ಬಹುಕಾಲ ಸಂಕೋಚವಾಗುತ್ತಿತ್ತು.

ಎಷ್ಟು ಲೈನ್‌ಗಳು ಬೇಕೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎ. ಕೆ. ಎರ್ಲಾಂಗ್ ಅವರು 1917ರಲ್ಲಿಯೇ ಇದಕ್ಕೆ ಸೂತ್ರವನ್ನು ನೀಡಿದ್ದಾರೆ. ಗಂಟೆಗೆ 20 ಕರೆಗಳು, ತಲಾ 3 ನಿಮಿಷದ ಮಾತು ಎಂದಿಟ್ಟುಕೊಳ್ಳೋಣ. ಒಟ್ಟು 60 ನಿಮಿಷ. ಒಂದು ಲೈನ್ ಸಾಕೆಂದು ತೋರುತ್ತದೆ. ಆದರೆ ಕರೆಗಳು ಸರದಿಯಲ್ಲಿ ಬರುವುದಿಲ್ಲ. ಸೂತ್ರದಂತೆ ಒಂದೇ ಲೈನ್ ಇದ್ದರೆ ಸರಾಸರಿ 10 ಕರೆಗಳು ಕೈತಪ್ಪುತ್ತವೆ; ಎರಡಿದ್ದರೆ 4; ಮೂರಿದ್ದರೆ ಒಂದಕ್ಕಿಂತ ತುಸು ಹೆಚ್ಚು; ನಾಲ್ಕಿದ್ದರೆ ಮೂರು ಗಂಟೆಗೊಂದು. ಮೂರನೆಯ ಲೈನ್ ಗಂಟೆಗೆ ಸುಮಾರು ಮೂರು ಕರೆಗಳನ್ನು ಉಳಿಸಿದರೆ, ನಾಲ್ಕನೆಯದು ಸುಮಾರು ಒಂದನ್ನು ಮಾತ್ರ ಉಳಿಸುತ್ತದೆ. ಅದರ ಬಾಡಿಗೆಯು ಆ ಒಂದು ಕರೆಗೆ ತಕ್ಕುದೇ ಎಂಬುದನ್ನು ತಮ್ಮ ವ್ಯಾಪಾರವೇ ನಿರ್ಧರಿಸಬೇಕು.

ಈ ಲೆಕ್ಕ ಫಲಿಸಬೇಕಾದರೆ ಕೆಲವು ಕ್ರಮಗಳು ಅವಶ್ಯಕ.

ಮೊದಲನೆಯದಾಗಿ, ಬಿಲ್ಲು, ಫಲಕಗಳಲ್ಲಿ ಒಂದೇ ಸಂಖ್ಯೆಯನ್ನು ಮುದ್ರಿಸಿ, ‘ಹಂಟಿಂಗ್’ ಸೌಲಭ್ಯವನ್ನು ಪಡೆಯಿರಿ. ಮೊದಲ ಲೈನ್‌ನಲ್ಲಿ ಮಾತು ನಡೆಯುತ್ತಿದ್ದರೆ ಕರೆಯು ಬಿಡುವಿರುವ ಮುಂದಿನ ಲೈನ್‌ಗೆ ತಾನಾಗಿಯೇ ಹೋಗುತ್ತದೆ.

ಎರಡನೆಯದಾಗಿ, ಹೊರಹೋಗುವ ಕರೆಗಳಿಗೆ ಸರಣಿಯ ಕೊನೆಯ ಲೈನ್ ಅನ್ನೋ ಮೊಬೈಲನ್ನೋ ಬಳಸಿರಿ. ಬಾಕಿ ಕೇಳಲು ನಾವೇ ಮಾಡುವ ಕರೆಯು ಹೊಸ ಆರ್ಡರಿನ ದಾರಿಗೆ ಅಡ್ಡವಾಗಬಾರದು.

ಮೂರನೆಯದಾಗಿ, ಲೈನ್ ಮೂರಿದ್ದು ಮಾತನಾಡುವವರು ಒಬ್ಬರೇ ಆದರೆ ಪ್ರಯೋಜನವಿಲ್ಲ. ಮೊದಲನೆಯವರು ಮಾತಿನಲ್ಲಿದ್ದರೆ ಎರಡನೆಯ ಕರೆಯನ್ನು ಯಾರು ಎತ್ತಬೇಕೆಂಬುದು ಮೊದಲೇ ನಿಶ್ಚಯವಾಗಿರಲಿ. ಕಾಯಿಸುವ ಮುನ್ನ ಅನುಮತಿಯನ್ನು ಕೇಳಬೇಕು. ತಡವಾಗುವಂತಿದ್ದರೆ ಹೆಸರು, ಸಂಖ್ಯೆ, ವಿಷಯಗಳನ್ನು ಬರೆದುಕೊಂಡು ತಾವೇ ಮರಳಿ ಕರೆಯಬೇಕು.

ನಾಲ್ಕನೆಯದಾಗಿ, ಇದಕ್ಕೊಂದು ವಹಿ ಇರಲಿ. ಮರುಕರೆ ಮಾಡಿದ ಮೇಲಷ್ಟೇ ಆ ಸಾಲಿಗೆ ಗುರುತು ಹಾಕಿರಿ. ಸಂಜೆ ನಗದು ತಾಳೆ ನೋಡುವಾಗ ಈ ವಹಿಯನ್ನೂ ನೋಡುವುದು ಮಾಲೀಕರ ಕರ್ತವ್ಯ.

ದೂರವಾಣಿ ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ನೋಂದಣಿ ಸಂಖ್ಯೆಯನ್ನು ನಮೂದಿಸಿಕೊಳ್ಳುವುದನ್ನು ಮರೆಯಬೇಡಿ. ವ್ಯವಹಾರಕ್ಕಾಗಿ ಬಳಸಿದ ಸಂಪರ್ಕದ ಮೇಲಿನ ತೆರಿಗೆಗೆ, ನಿಯಮಗಳಿಗೊಳಪಟ್ಟು, ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಇಂದು ಸಂಜೆ ಕಛೇರಿ ಮುಚ್ಚುವ ಮುನ್ನ ತಮ್ಮ ಸಂಖ್ಯೆಗಳಿಗೆ ಹೊರಗಿನಿಂದ ತಾವೇ ಒಮ್ಮೆ ಕರೆ ಮಾಡಿ ನೋಡಿರಿ. ಗ್ರಾಹಕನ ಕಿವಿಗೆ ಏನು ಕೇಳುತ್ತಿದೆ ಎಂಬುದು ಆಗ ತಿಳಿಯುತ್ತದೆ.